ಒಂದೇ ತೂಕ, ಮೂರು ತಳಿ: ಮಾಂಸದ ತಳಿಯ ಕಡಸುಗಳ ಚೊಚ್ಚಲ ಹೆರಿಗೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಮಾಂಸಕ್ಕಾಗಿ ದನ ಸಾಕುವ ಮಧ್ಯಮ ಗಾತ್ರದ ಒಂದು ಮಂದೆಯಲ್ಲಿ, ಒಂದರ ಹಿಂದೆ ಒಂದರಂತೆ ಎರಡು ವರ್ಷಗಳ ಕಡಸು ತಂಡಗಳು ಮೊದಲ ಬಾರಿಗೆ ಗಬ್ಬ ಕಟ್ಟಿ ಕರು ಹಾಕಿದ ವಿವರ ಇಲ್ಲಿದೆ. ಮಂದೆಯ ಮಾಲೀಕರು ಒಪ್ಪಿದ ಮೇಲೆಯೇ ಇದನ್ನು ಬರೆಯಲಾಗಿದೆ. ಅವರ ಗುರುತು ತಿಳಿಯಬಲ್ಲ ಯಾವ ವಿವರವನ್ನೂ ಇಲ್ಲಿ ಇಟ್ಟಿಲ್ಲ. ದನಗಳ ಎಣಿಕೆ ಮತ್ತು ತೂಕಗಳು ಮಾತ್ರ ಆ ಮಂದೆಯ ಪುಸ್ತಕದಲ್ಲಿ ಇದ್ದಂತೆಯೇ ಇವೆ. ಮೊದಲ ವರ್ಷದ ಹೆರಿಗೆಗಳು ಅರ್ಧ ಮುಗಿದಿದ್ದಾಗ ಸಲಹೆಗೆಂದು ಕರೆಸಿಕೊಂಡ ಪಶುವೈದ್ಯ ನಾನು.

ಮಂದೆಯಲ್ಲಿ ಮೂರು ಬಗೆಯ ತಾಯಿ ದನಗಳಿದ್ದವು. ಆಂಗಸ್ ಮತ್ತು ಹೆರ್‌ಫರ್ಡ್ ಕೂಡಿಸಿದ ಮಿಶ್ರ ತಳಿಯವು ಹೆಚ್ಚು. ಎರಡನೆಯದು ಶಾರೊಲೆ ರಕ್ತ ಹೆಚ್ಚಾಗಿದ್ದ, ಎತ್ತರವಾಗಿ ಬೆಳೆಯುವ ಗುಂಪು. ಮೂರನೆಯದು ಬಿಸಿಲು ಮತ್ತು ಉಣ್ಣೆಹುಳುಗಳನ್ನು ತಡೆದುಕೊಳ್ಳಲೆಂದು ತಂದಿದ್ದ ಬ್ರಾಹ್ಮನ್ ಮಿಶ್ರ ತಳಿ. ಹಾಲು ಬಿಡಿಸಿದ ಮೇಲೆ ಮೂರೂ ಬಗೆಯ ಹೆಣ್ಣುಗರುಗಳನ್ನು ಒಂದೇ ಹುಲ್ಲುಗಾವಲಿನಲ್ಲಿ ಬಿಟ್ಟು, ಒಂದೇ ಗೊಂತಿನಲ್ಲಿ ಮೇವು ಹಾಕಿ ಬೆಳೆಸುವುದು ಅಲ್ಲಿನ ಪದ್ಧತಿ. 15 ತಿಂಗಳು ತುಂಬಿ ತೂಕ 300 ಕಿ.ಗ್ರಾಂ ದಾಟಿದ ಕಡಸನ್ನು ಹೋರಿಯ ಜೊತೆ ಬಿಡುವುದು ಎಂಬ ಒಂದೇ ನಿಯಮ ಎಲ್ಲಕ್ಕೂ ಅನ್ವಯಿಸುತ್ತಿತ್ತು.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ದನದ ಗಬ್ಬದ ಅವಧಿ ಸುಮಾರು 283 ದಿನ. 15 ತಿಂಗಳಿಗೆ ಗಬ್ಬ ಕಟ್ಟಿದ ಕಡಸು ಎರಡು ವರ್ಷ ತುಂಬುವ ಹೊತ್ತಿಗೆ ಕರು ಹಾಕುತ್ತದೆ. ಮೂರು ವರ್ಷದವರೆಗೆ ಕಾಯ್ದರೆ ಒಂದು ವರ್ಷದ ಮೇವು ಖರ್ಚಾಗುತ್ತದೆ, ಒಂದು ಕರು ಕೈತಪ್ಪುತ್ತದೆ. ಮಾಂಸದ ಮಂದೆಯಲ್ಲಿ ಹಾಲಿನ ಆದಾಯವಿಲ್ಲ. ವರ್ಷಕ್ಕೊಂದು ಕರುವೇ ತಾಯಿ ದನದ ದುಡಿಮೆ. ಹಾಗಾಗಿ ಎರಡು ವರ್ಷಕ್ಕೆ ಚೊಚ್ಚಲು ಎಂಬ ಗುರಿಯಲ್ಲಿ ತಪ್ಪೇನೂ ಇರಲಿಲ್ಲ. ಆ ಗುರಿಯನ್ನು ತಲುಪಲು ಮೂರು ತಳಿಗಳಿಗೂ ಒಂದೇ ತೂಕವನ್ನು ಅಳತೆಗೋಲಾಗಿ ಇಟ್ಟುಕೊಂಡದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಸಮಸ್ಯೆ

ಮೊದಲ ವರ್ಷ ಹೋರಿಗೆ ಬಿಟ್ಟ ಕಡಸುಗಳು 56. ಆಂಗಸ್-ಹೆರ್‌ಫರ್ಡ್ 24, ಶಾರೊಲೆ ಮಿಶ್ರ 18, ಬ್ರಾಹ್ಮನ್ ಮಿಶ್ರ 14. ಆ ದಿನದ ಸರಾಸರಿ ತೂಕ ಕ್ರಮವಾಗಿ 324, 331 ಮತ್ತು 312 ಕಿ.ಗ್ರಾಂ ಇತ್ತು. ಕಾಗದದ ಮೇಲೆ ಇದಕ್ಕಿಂತ ಸಮನಾದ ತಂಡ ಸಿಗಲಾರದು. ಹೋರಿಗಳನ್ನು ಮೂರು ಬೆದೆಚಕ್ರಗಳಷ್ಟು ಕಾಲ, ಅಂದರೆ 63 ದಿನ, ಜೊತೆಗಿಟ್ಟು ತೆಗೆಯಲಾಯಿತು. ಗಬ್ಬ ಪರೀಕ್ಷೆ ಮಾಡಿದಾಗ ಆಂಗಸ್-ಹೆರ್‌ಫರ್ಡ್ ಗುಂಪಿನಲ್ಲಿ 22 ಗಬ್ಬವಾಗಿದ್ದವು. ಶಾರೊಲೆ ಗುಂಪಿನಲ್ಲಿ 10 ಮಾತ್ರ, ಅವುಗಳಲ್ಲೂ ಹೆಚ್ಚಿನವು ಕೊನೆಯ ಬೆದೆಗೆ ನಿಂತವು. ಬ್ರಾಹ್ಮನ್ ಗುಂಪಿನಲ್ಲಿ 5.

ಗಬ್ಬ ಕಟ್ಟದ ಕಡಸುಗಳನ್ನು ಮಾಲೀಕರು ಮಾರಿಬಿಟ್ಟರು. ಆ ನಷ್ಟ ಅವರನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಹೆರಿಗೆಯ ದಿನಗಳು. ಕರು ಹಾಕಿದ 37 ಕಡಸುಗಳಲ್ಲಿ 12ಕ್ಕೆ ಮನುಷ್ಯರ ಕೈ ಬೇಕಾಯಿತು. ಒಂದಕ್ಕೆ ಸಿಸೇರಿಯನ್ ಮಾಡಬೇಕಾಯಿತು. ಮೂರು ಕರುಗಳು ಉಳಿಯಲಿಲ್ಲ.

ನಾನು ಮೊದಲು ನೋಡಿದ ಹೆರಿಗೆ ಶಾರೊಲೆ ಮಿಶ್ರ ಕಡಸೊಂದರದು. ನೀರಿನ ಚೀಲ ಒಡೆದು ಒಂದು ಗಂಟೆಗೂ ಮೀರಿತ್ತು. ಎರಡು ಮುಂಗಾಲುಗಳ ಗೊರಸುಗಳು ಹೊರಗೆ ಕಾಣುತ್ತಿದ್ದವು, ಅಂಗಾಲು ನೆಲದ ಕಡೆಗೇ ಇತ್ತು. ಅಂದರೆ ಕರು ಸರಿಯಾದ ಭಂಗಿಯಲ್ಲೇ ಇತ್ತು. ಆದರೆ ಕಾಲುಗಳು ಒಂದರ ಮೇಲೊಂದು ಅಡ್ಡವಾಗಿ ಹೆಣೆದುಕೊಂಡಿದ್ದವು. ಭುಜಗಳು ತಾಯಿಯ ಸೊಂಟದ ಮೂಳೆಯ ಬಾಯಲ್ಲಿ ಸಿಕ್ಕಿ ಒತ್ತಿಕೊಂಡಾಗ ಕಾಣುವ ಲಕ್ಷಣ ಅದು. ಕೈ ಹಾಕಿದರೆ ಕರುವಿನ ಹಣೆಗೂ ಮೂಳೆಗೂ ನಡುವೆ ಬೆರಳು ತೂರಿಸಲು ಜಾಗ ಸಾಲದು. ಗೊರಸಿನ ಮೇಲಿನ ಗಂಟಿನಿಂದ ತುಸು ಮೇಲೊಂದು ಸುತ್ತು, ಗಂಟಿನ ಕೆಳಗೆ ಇನ್ನೊಂದು ಸುತ್ತು ಬರುವಂತೆ ಸರಪಳಿ ಕಟ್ಟಿ, ಕಡಸು ತಿಣುಕಿದಾಗಲಷ್ಟೇ ಎಳೆಯುತ್ತ, ಒಮ್ಮೆ ಎಡಗಾಲು ಒಮ್ಮೆ ಬಲಗಾಲು ಎಂದು ಸರದಿಯಲ್ಲಿ ಬರಿಸಿಕೊಂಡೆವು. ಎರಡು ಭುಜಗಳೂ ಒಟ್ಟಿಗೆ ಬರುವುದಕ್ಕಿಂತ ಒಂದರ ಹಿಂದೆ ಒಂದು ಬಂದರೆ ಬೇಕಾಗುವ ಅಗಲ ಕಡಿಮೆ. ಕರು ಬದುಕಿತು. ಅದರ ತೂಕ 44 ಕಿ.ಗ್ರಾಂ. ತಾಯಿ ಮಾತ್ರ ಮರುದಿನವೂ ಹಿಂಗಾಲೂರಿ ನಿಲ್ಲಲಾರದೆ ಒದ್ದಾಡಿತು.

ಕೊಟ್ಟಿಗೆಯಲ್ಲಿ ಈ ತೊಡಕಿಗೆ ಮೂರು ಕಾರಣಗಳು ಆಗಲೇ ಓಡಾಡುತ್ತಿದ್ದವು. ಶಾರೊಲೆ ಕಡಸುಗಳ ಸೊಂಟವೇ ಕಿರಿದು, ಆ ರಕ್ತವನ್ನೇ ಮಂದೆಯಿಂದ ತೆಗೆದುಬಿಡಬೇಕು ಎಂಬುದು ಮಾಲೀಕರ ಅಭಿಪ್ರಾಯ. ಎರಡು ವರ್ಷಕ್ಕೆ ಹೆರಿಗೆ ಎಂದರೆ ಎಳೆಯ ವಯಸ್ಸು, ಮೂರಕ್ಕೆ ಹಾಕಿಸಬೇಕು ಎಂದು ಮೇಲ್ವಿಚಾರಕರು ಹೇಳುತ್ತಿದ್ದರು. ಕೊನೆಯ ಮೂರು ತಿಂಗಳು ಹಿಂಡಿ ಹೆಚ್ಚಾಗಿ ಕರು ಒಳಗೇ ಕೊಬ್ಬಿದೆ ಎಂಬುದು ಮೇವು ಹಾಕುವವರ ಮಾತು. ತಳಿ, ವಯಸ್ಸು, ತೂಕ: ಮೂವರೂ ಒಂದೊಂದನ್ನು ಹಿಡಿದುಕೊಂಡಿದ್ದರು. ಮೂವರ ಮಾತಿನಲ್ಲೂ ಹೋರಿಯ ಹೆಸರು ಬಂದಿರಲಿಲ್ಲ.

ಪುಸ್ತಕ ಬಿಡಿಸಿ ನೋಡಿದಾಗ

ಮಂದೆಯ ಪುಸ್ತಕದಲ್ಲಿ ಒಂದು ಉಪಕಾರವಾಗಿತ್ತು, ಅದೂ ಯಾರೂ ಯೋಜಿಸದೆ. ಹುಲ್ಲುಗಾವಲಿನಲ್ಲಿ ಎಲ್ಲಕ್ಕೂ ಜಾಗ ಸಾಲದೆ ಆಂಗಸ್-ಹೆರ್‌ಫರ್ಡ್ ಕಡಸುಗಳಲ್ಲಿ 12ನ್ನು ಪಕ್ಕದ ಬೇಲಿಗೆ ಹಾಕಿ ಅಲ್ಲಿದ್ದ ಹಳೆಯ ಆಂಗಸ್ ಹೋರಿಗೇ ಬಿಟ್ಟಿದ್ದರು. ಉಳಿದ 12 ಕಡಸುಗಳೂ ಶಾರೊಲೆ, ಬ್ರಾಹ್ಮನ್ ಗುಂಪುಗಳೂ ಒಂದೇ ತಂದೆಯ ಎರಡು ಶಾರೊಲೆ ಹೋರಿಗಳ ಜೊತೆ ಇದ್ದವು. ಆ ಹೋರಿಗಳನ್ನು ಕೊಂಡದ್ದು ಮೈಕಟ್ಟು ಮತ್ತು ಬೆಳವಣಿಗೆಯ ವೇಗ ನೋಡಿ. ಅವು ಹುಟ್ಟಿದಾಗ ಎಷ್ಟು ತೂಕವಿದ್ದವು ಎಂಬುದು ಎಲ್ಲೂ ಬರೆದಿರಲಿಲ್ಲ.

ಹೀಗೆ ಒಂದೇ ತಳಿಯ, ಒಂದೇ ವಯಸ್ಸಿನ, ಹೆಚ್ಚು ಕಡಿಮೆ ಒಂದೇ ತೂಕದ ಕಡಸುಗಳು ಎರಡು ಬಗೆಯ ಹೋರಿಗಳಿಗೆ ಹಂಚಿಹೋಗಿದ್ದವು. ಎರಡೂ ಕಡೆ ಹನ್ನೊಂದು ಹನ್ನೊಂದು ಗಬ್ಬವಾಗಿದ್ದವು. ಆಂಗಸ್ ಹೋರಿಯ ಕರು ಹೊತ್ತವುಗಳಲ್ಲಿ ಒಂದಕ್ಕೆ ಮಾತ್ರ ಸ್ವಲ್ಪ ಕೈಯಾಸರೆ ಬೇಕಾಯಿತು. ಕರುಗಳ ಸರಾಸರಿ ತೂಕ 31 ಕಿ.ಗ್ರಾಂ. ಶಾರೊಲೆ ಹೋರಿಗಳ ಕರು ಹೊತ್ತವುಗಳಲ್ಲಿ ಐದನ್ನು ಎಳೆದು ಹೊರಗೆ ತೆಗೆಯಬೇಕಾಯಿತು. ಅಲ್ಲಿನ ಸರಾಸರಿ 39. ಹನ್ನೊಂದರ ಲೆಕ್ಕದಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಚೊಚ್ಚಲ ಹೆರಿಗೆಯ ತೊಡಕಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಕರುವಿನ ಗಾತ್ರಕ್ಕೂ ತಾಯಿಯ ಸೊಂಟದ ದಾರಿಗೂ ಹೊಂದಿಕೆಯಾಗದಿರುವುದು ಎಂಬುದು ಪಶುವೈದ್ಯಕೀಯದಲ್ಲಿ ಬಹುಕಾಲದಿಂದ ಗಟ್ಟಿಯಾಗಿ ನಿಂತ ಸಂಗತಿ. ಈ ಮಂದೆಯ ಪುಸ್ತಕ ಅದನ್ನೇ ಮತ್ತೊಮ್ಮೆ ಹೇಳುತ್ತಿತ್ತು.

ಶಾರೊಲೆ ಕಡಸುಗಳಲ್ಲಿ ಇದೇ ಹೋರಿಗಳ ಕರುಗಳು ಸರಾಸರಿ 43 ಕಿ.ಗ್ರಾಂ ತೂಗಿದವು; ಹತ್ತರಲ್ಲಿ ಆರು ಹೆರಿಗೆಗಳಿಗೆ ನೆರವು ಬೇಕಾಯಿತು. ಅಲ್ಲಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ದೊಡ್ಡ ಕರುವಿನ ಗುಣವೇ ಬಂದಿತ್ತು; ಗಬ್ಬದ ಅವಧಿಯೂ ಕೆಲವು ದಿನ ಉದ್ದವಾಗಿತ್ತು. ಕೊನೆಯ ದಿನಗಳಲ್ಲಿ ಕರು ದಿನಕ್ಕೆ ಅರ್ಧ ಕಿ.ಗ್ರಾಂನಷ್ಟಾದರೂ ಬೆಳೆಯಬಲ್ಲದು ಎಂಬುದನ್ನು ನೆನೆದರೆ ಆ ನಾಲ್ಕೈದು ದಿನಗಳ ಭಾರ ಅರ್ಥವಾಗುತ್ತದೆ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಮೂರನೆಯ ಗುಂಪು. ಗಬ್ಬ ಕಟ್ಟಿದ ಐದು ಬ್ರಾಹ್ಮನ್ ಮಿಶ್ರ ಕಡಸುಗಳೂ ಇದೇ ಶಾರೊಲೆ ಹೋರಿಗಳ ಕರುಗಳನ್ನೇ ಹೊತ್ತಿದ್ದವು, ಮೂರು ಗುಂಪುಗಳಲ್ಲಿ ಅವುಗಳ ತೂಕವೇ ಕಡಿಮೆ, ಆದರೂ ಐದೂ ಯಾರ ಕೈಯನ್ನೂ ಕೇಳದೆ ಕರು ಹಾಕಿದವು. ಕರುಗಳ ಸರಾಸರಿ 33 ಕಿ.ಗ್ರಾಂ. ಬ್ರಾಹ್ಮನ್ ತಾಯಿಯ ಗರ್ಭಕೋಶ ಕರುವಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಹೊರಗಿನ ದೊಡ್ಡ ತಳಿಯ ಹೋರಿಯನ್ನು ಕೂಡಿಸಿದರೂ ಕರು ಹಗುರವಾಗಿಯೇ ಹುಟ್ಟುತ್ತದೆ. ಇದನ್ನು ತಿರುಗಿಸಿದರೆ ಫಲವೂ ತಿರುಗುತ್ತದೆ: ಬ್ರಾಹ್ಮನ್ ಹೋರಿಯನ್ನು ಆಂಗಸ್ ಅಥವಾ ಹೆರ್‌ಫರ್ಡ್ ಕಡಸಿಗೆ ಬಿಟ್ಟರೆ ಕರು ಭಾರಿಯಾಗಿ ಹುಟ್ಟಿ ಹೆರಿಗೆ ಕಷ್ಟವಾಗುತ್ತದೆ. ತಳಿಗೂ ಹೆರಿಗೆಗೂ ಇರುವ ನಂಟನ್ನು ‘ಈ ತಳಿ ಸುಲಭ, ಆ ತಳಿ ಕಷ್ಟ’ ಎಂದು ಒಂದು ಸಾಲಿನಲ್ಲಿ ಬರೆಯಲಾಗದು. ಯಾವುದು ತಾಯಿ, ಯಾವುದು ತಂದೆ ಎಂಬುದನ್ನೂ ಕೇಳಬೇಕು.

ಇಷ್ಟರಲ್ಲಿ ಹೆರಿಗೆಯ ಒಗಟು ಬಿಡಿಸಿಕೊಂಡಿತ್ತು. ಶಾರೊಲೆ ಗುಂಪಿನಲ್ಲಿ ಅರ್ಧದಷ್ಟು, ಬ್ರಾಹ್ಮನ್ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಕಡಸುಗಳು ಗಬ್ಬವನ್ನೇ ಕಟ್ಟದಿದ್ದದ್ದು ಉಳಿದಿತ್ತು. ಅದಕ್ಕೆ ಬೇಕಾದ ಮಾಹಿತಿ ಕಡಸುಗಳಲ್ಲಿ ಇರಲಿಲ್ಲ, ಅವುಗಳ ತಾಯಂದಿರಲ್ಲಿತ್ತು. ಐದು ವರ್ಷ ದಾಟಿದ, ತೀರ ಕೊಬ್ಬದ, ತೀರ ಬಡಕಲೂ ಅಲ್ಲದ ದನಗಳನ್ನು ತಳಿವಾರು ತೂಗೋಣ ಎಂದೆ. ತೂಕದ ಸೇತುವೆಯ ಮೇಲೆ ದೊಡ್ಡ ದನಗಳನ್ನು ಹತ್ತಿಸುವುದು ವ್ಯರ್ಥ ಕೆಲಸ ಎಂದು ಮೊದಲು ಎಲ್ಲರಿಗೂ ಅನಿಸಿತು. ಆಂಗಸ್-ಹೆರ್‌ಫರ್ಡ್ ದನಗಳ ಸರಾಸರಿ 540, ಶಾರೊಲೆ ಮಿಶ್ರದ್ದು 680, ಬ್ರಾಹ್ಮನ್ ಮಿಶ್ರದ್ದು 560 ಕಿ.ಗ್ರಾಂ ಬಂತು.

ಈಗ ಹೋರಿಗೆ ಬಿಟ್ಟ ದಿನದ ತೂಕಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬೇಕು. 324 ಎಂಬುದು ಆಂಗಸ್-ಹೆರ್‌ಫರ್ಡ್ ಕಡಸಿನ ಪೂರ್ಣ ಬೆಳವಣಿಗೆಯ ಶೇ. 60. 331 ಎಂಬುದು ಶಾರೊಲೆ ಕಡಸಿನ ಶೇ. 49 ಕೂಡ ಮುಟ್ಟದು. ಮೊದಲ ಬೆದೆ ಬರುವುದು ಕಿ.ಗ್ರಾಂ ಎಣಿಸಿಕೊಂಡಲ್ಲ, ತನ್ನ ದೊಡ್ಡ ಗಾತ್ರದ ಎಷ್ಟು ಪಾಲನ್ನು ಮೈ ತಲುಪಿದೆ ಎಂಬುದರ ಮೇಲೆ. ಹೋರಿಗೆ ಬಿಡುವಾಗ ಪೂರ್ಣ ತೂಕದ ಶೇ. 60ರಿಂದ 65 ಇರಬೇಕು ಎಂಬುದು ಹಳೆಯ, ಸುರಕ್ಷಿತ ಅಳತೆ. ಚೆನ್ನಾಗಿ ನಿಭಾಯಿಸುವ ಮಂದೆಗಳಲ್ಲಿ, ಬೇಗ ಬಲಿಯುವ ತಳಿಗಳಿಗೆ, ಶೇ. 55ರ ಆಸುಪಾಸು ಕೂಡ ಸಾಕಾಗಿದೆ. ಶೇ. 49 ಯಾವ ಲೆಕ್ಕದಲ್ಲೂ ಸಾಲದು. ಮಾಲೀಕರ ಕಣ್ಣಿಗೆ ಆ ಶಾರೊಲೆ ಕಡಸುಗಳು ಮಂದೆಯಲ್ಲೇ ದೊಡ್ಡವಾಗಿ ಕಾಣುತ್ತಿದ್ದವು, ಮತ್ತು ನಿಜಕ್ಕೂ ಎತ್ತರವಿದ್ದವು. ಬೆಳವಣಿಗೆಯ ದಾರಿಯಲ್ಲಿ ಮಾತ್ರ ಎಲ್ಲಕ್ಕಿಂತ ಹಿಂದಿದ್ದವು.

ದೊಡ್ಡ ಗಾತ್ರದ ತಳಿಗಳೆಲ್ಲ ತಡವಾಗಿಯೇ ಬೆದೆಗೆ ಬರುತ್ತವೆ ಎಂದೂ ಅಲ್ಲ. ಹಾಲಿಗಾಗಿಯೂ ಆಯ್ಕೆಯಾಗಿ ಬಂದಿರುವ ಸಿಮೆಂಟಲ್, ಗೆಲ್ಬ್‌ವೀ ತಳಿಗಳು ಗಾತ್ರದಲ್ಲಿ ಶಾರೊಲೆಗೆ ಹತ್ತಿರವಿದ್ದರೂ ಅದಕ್ಕಿಂತ ಬೇಗ ಬಲಿಯುತ್ತವೆ.

ಬ್ರಾಹ್ಮನ್ ಗುಂಪಿನ ಕಥೆ ಇನ್ನೂ ಬೇರೆ. 312 ಎಂಬುದು 560ರ ಶೇ. 56. ತೂಕದ ಪಾಲಿನಲ್ಲಿ ಅವು ಅಷ್ಟೇನೂ ಹಿಂದಿರಲಿಲ್ಲ, ಆದರೂ ಗಬ್ಬ ಕಟ್ಟಿದ್ದು ಎಲ್ಲಕ್ಕಿಂತ ಕಡಿಮೆ. ಬ್ರಾಹ್ಮನ್‌ನಂಥ ಡುಬ್ಬದ ದನಗಳ ರಕ್ತವಿರುವ ಕಡಸುಗಳಿಗೆ ತೂಕದ ಜೊತೆ ವಯಸ್ಸೂ ಬೇಕು. ಆಂಗಸ್ ಕಡಸು ಒಂದು ವರ್ಷ ತುಂಬಿ ತುಸುವೇ ಕಾಲದಲ್ಲಿ ಬೆದೆಗೆ ಬಂದರೆ, ಬ್ರಾಹ್ಮನ್ ಕಡಸುಗಳು ಒಂದೂವರೆ ವರ್ಷದಿಂದ ಎರಡು ವರ್ಷದವರೆಗೆ ಕಾಯಿಸುತ್ತವೆ. ಬೆದೆ ಬಂದರೂ ಅದು ಗಂಟೆಗಳ ಲೆಕ್ಕದಲ್ಲಿ ಗಿಡ್ಡ, ಲಕ್ಷಣಗಳು ಮಂದ.

ಅಂದರೆ, ಒಂದೇ ನಿಯಮದ ಕೆಳಗೆ ಒಂದು ಗುಂಪಿಗೆ ತೂಕವೂ ವಯಸ್ಸೂ ಸಾಕಾಗಿದ್ದವು, ಇನ್ನೊಂದಕ್ಕೆ ತೂಕ ಸಾಲಲಿಲ್ಲ, ಮೂರನೆಯದಕ್ಕೆ ಮುಖ್ಯವಾಗಿ ವಯಸ್ಸು ಸಾಲಲಿಲ್ಲ.

ತೆಗೆದುಕೊಂಡ ನಿರ್ಧಾರಗಳು

ಮೊದಲ ತೀರ್ಮಾನದ ಬಗ್ಗೆ ಚರ್ಚೆ ಬೇಕಾಗಲಿಲ್ಲ: ಇನ್ನು ಮುಂದೆ ಯಾವ ಕಡಸಿಗೂ ಹುಟ್ಟುತೂಕದ ದಾಖಲೆಯಿಲ್ಲದ ಹೋರಿ ಬೇಡ. ಶಾರೊಲೆ ಹೋರಿಗಳನ್ನು ಮೂರನೆಯ ಸೂಲು ದಾಟಿದ ದನಗಳಿಗೆ ಮೀಸಲಿಟ್ಟು, ಹೆರಿಗೆ ಸುಲಭತೆಯ ತಳಿಮೌಲ್ಯ ಚೆನ್ನಾಗಿದ್ದ ಆಂಗಸ್ ಹೋರಿಗಳನ್ನು ಎಲ್ಲ ಕಡಸುಗಳಿಗೂ ತರಲಾಯಿತು. ಹೋರಿಯ ಸ್ವಂತ ಹುಟ್ಟುತೂಕ ಒಂದನ್ನೇ ನೋಡುವುದಕ್ಕಿಂತ ಅದರ ಸಂತಾನದ ಹೆರಿಗೆಗಳನ್ನೂ ಸೇರಿಸಿ ಲೆಕ್ಕ ಹಾಕಿದ ಈ ಮೌಲ್ಯ ಹೆಚ್ಚು ನಂಬಲು ಯೋಗ್ಯ. ಆಂಗಸ್ ಎಂಬ ಹೆಸರಿದ್ದ ಮಾತ್ರಕ್ಕೆ ಕರು ಚಿಕ್ಕದಾಗದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಒಂದು ತಳಿಯೊಳಗಿನ ಹೋರಿ ಹೋರಿಗಳ ನಡುವಿನ ಅಂತರ ಎರಡು ತಳಿಗಳ ಸರಾಸರಿಗಳ ಅಂತರವನ್ನು ಮೀರಬಲ್ಲದು.

ಎರಡನೆಯದು ಮೇವು. ಹಾಲು ಬಿಡಿಸಿದ ದಿನವೇ ಕಡಸುಗಳನ್ನು ತಳಿವಾರು ಬೇರ್ಪಡಿಸಲಾಯಿತು. ಸುಮಾರು 230 ಕಿ.ಗ್ರಾಂ ಇದ್ದ ಶಾರೊಲೆ ಮಿಶ್ರ ಕಡಸು ಎಂಟು ತಿಂಗಳಲ್ಲಿ 405ರ ಹತ್ತಿರ ಬರಬೇಕಾದರೆ ದಿನಕ್ಕೆ ಮುಕ್ಕಾಲು ಕಿ.ಗ್ರಾಂನಷ್ಟು ಮೈ ಹಾಕಬೇಕು. ಆಂಗಸ್-ಹೆರ್‌ಫರ್ಡ್ ಕಡಸಿಗೆ ಅರ್ಧ ಕಿ.ಗ್ರಾಂ ಸಾಕು. ಒಂದೇ ಗೊಂತಿನಲ್ಲಿ ಇವೆರಡನ್ನೂ ಸಾಧಿಸಲಾಗದು. ಎರಡಕ್ಕೂ ಹೆಚ್ಚು ಹಾಕಿದರೆ ಚಿಕ್ಕ ತಳಿ ಕೊಬ್ಬುತ್ತದೆ, ಎರಡಕ್ಕೂ ಕಡಿಮೆ ಹಾಕಿದರೆ ದೊಡ್ಡದು ಹಿಂದುಳಿಯುತ್ತದೆ. ತಿಂಗಳಿಗೊಮ್ಮೆ ತೂಗಿ, ಸಾಲದಿದ್ದ ಗುಂಪಿನ ಹಿಂಡಿ ಏರಿಸುವುದು ಎಂದಾಯಿತು. ಜೊತೆಗೆ, ಹೋರಿ ಬಿಡುವ ಹೊತ್ತಿಗೆ ಗುರಿ ಮುಟ್ಟಿದರೆ ಸಾಲದು, ಅದಕ್ಕೆ ಆರೇಳು ವಾರ ಮೊದಲೇ ಬೆದೆಗಳು ಶುರುವಾಗಿರಬೇಕು. ಮೊಟ್ಟಮೊದಲ ಬೆದೆಯಲ್ಲಿ ಗಬ್ಬ ನಿಲ್ಲುವುದಕ್ಕಿಂತ ಎರಡು ಮೂರು ಬೆದೆ ಕಳೆದ ಮೇಲೆ ನಿಲ್ಲುವ ಸಂಭವ ಹೆಚ್ಚು.

ಬ್ರಾಹ್ಮನ್ ಗುಂಪಿನ ವಿಷಯದಲ್ಲಿ ಮಾಲೀಕರು ಬಹಳ ಹೊತ್ತು ಒಪ್ಪಲಿಲ್ಲ. ಎಲ್ಲವನ್ನೂ ಒಂದು ವರ್ಷ ತಡೆದರೆ ಮೇವಿನ ಖರ್ಚು ಯಾರು ಹೊರುವುದು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಕೊನೆಗೆ ಸಿಕ್ಕ ದಾರಿ ಇದು: ಹೋರಿ ಬಿಡುವುದಕ್ಕೆ ಒಂದು ತಿಂಗಳು ಮೊದಲು ಪ್ರತಿಯೊಂದರ ಗರ್ಭಕೋಶ ಮತ್ತು ಅಂಡಾಶಯಗಳನ್ನು ಕೈಯಿಂದ ಮುಟ್ಟಿ ನೋಡಿ, 1ರಿಂದ 5ರವರೆಗೆ ಅಂಕ ಕೊಡುವುದು. 1 ಎಂದರೆ ಎಳೆಗರುವಿನಂಥ, ಬಿಗುವಿಲ್ಲದ ಸಣ್ಣ ಗರ್ಭಕೋಶ. 5 ಎಂದರೆ ಬೆದೆಚಕ್ರ ನಡೆಯುತ್ತಿದೆ ಎನ್ನಲು ಅಂಡಾಶಯದಲ್ಲಿ ಪುರಾವೆ ಇದೆ ಎಂದರ್ಥ. 4 ಅಥವಾ 5 ಬಂದವು ಈ ವರ್ಷವೇ ಹೋರಿಗೆ, ಉಳಿದವು ಮುಂದಿನ ಹಂಗಾಮಿಗೆ. ವಯಸ್ಸಿನ ಬದಲು ಅಂಡಾಶಯವನ್ನೇ ಕೇಳಿದಂತಾಯಿತು.

ಅದೇ ಸಂದರ್ಭದಲ್ಲಿ ಸೊಂಟದ ದಾರಿಯನ್ನೂ ಅಳೆಯಲಾಯಿತು. ಗುದದ್ವಾರದ ಮೂಲಕ ಒಳಗೊಯ್ಯುವ ಅಳತೆಕೋಲಿನಿಂದ ಸೊಂಟದ ಒಳಗಿನ ಎತ್ತರ ಮತ್ತು ಅಗಲ ತೆಗೆದು ಎರಡನ್ನೂ ಗುಣಿಸಿದರೆ ದಾರಿಯ ವಿಸ್ತೀರ್ಣ ಸಿಗುತ್ತದೆ. ನೋಡಲು ದಷ್ಟಪುಷ್ಟವಾಗಿದ್ದ ಒಂದು ಕಡಸಿನಲ್ಲಿ ಎತ್ತರ 12, ಅಗಲ 9.5 ಸೆಂ.ಮೀ. ಬಂತು, ಅಂದರೆ 114 ಚದರ ಸೆಂ.ಮೀ.; ಅದರ ಪಕ್ಕದಲ್ಲಿ ನಿಂತಿದ್ದ, ಅದಕ್ಕಿಂತ ಹಗುರವಾದ ಕಡಸಿನದು 160 ದಾಟಿತು. ಹೊರಮೈ ನೋಡಿ ಒಳದಾರಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೂ ಈ ಅಳತೆಯನ್ನು ತೀರ ಕಿರಿದಾದವುಗಳನ್ನು ತೆಗೆದುಹಾಕಲಷ್ಟೇ ಬಳಸಿದೆವು. ದೊಡ್ಡ ಸೊಂಟದವುಗಳನ್ನೇ ಆರಿಸುತ್ತ ಹೋದರೆ ಮಂದೆಯ ಮೈಗಾತ್ರವೇ ಬೆಳೆಯುತ್ತದೆ, ಅದರೊಂದಿಗೆ ಕರುಗಳೂ ದೊಡ್ಡವಾಗುತ್ತವೆ. ಗಳಿಸಿದ್ದು ಅಲ್ಲಿಗೆ ಕಳೆದುಹೋಗುತ್ತದೆ.

ಅತ್ಯಂತ ಬಿಸಿಯಾದ ಚರ್ಚೆ ನಡೆದದ್ದು ಗಬ್ಬದ ಕೊನೆಯ ಮೂರು ತಿಂಗಳ ಬಗ್ಗೆ. ಕರುವಿನ ಬೆಳವಣಿಗೆಯಲ್ಲಿ ಮುಕ್ಕಾಲು ಪಾಲಿನಷ್ಟು ಆ ಅವಧಿಯಲ್ಲೇ ಆಗುತ್ತದೆ. ಆಗ ಮೇವು ಇಳಿಸಿದರೆ ಕರು ಚಿಕ್ಕದಾಗುತ್ತದಲ್ಲ ಎಂಬ ವಾದ ಕೇಳಲು ಸರಿಯಾಗಿಯೇ ಇದೆ. ತೀರ ಹೊಟ್ಟೆಗೆ ಕಟ್ಟಿದರೆ ಹುಟ್ಟುತೂಕ ಸ್ವಲ್ಪ ಇಳಿಯುವುದೂ ಉಂಟು. ಆದರೆ ಹೆರಿಗೆಯ ತೊಡಕು ಅದರಿಂದ ಇಳಿಯುವುದಿಲ್ಲ. ಹಸಿದ ಕಡಸಿಗೆ ತಿಣುಕುವ ಕಸುವಿಲ್ಲ, ಅದರ ಸೊಂಟವೂ ಬೆಳೆಯದೆ ಉಳಿಯುತ್ತದೆ, ಕರು ನಿತ್ರಾಣವಾಗಿ ಹುಟ್ಟುತ್ತದೆ, ಗಿಣ್ಣು ಹಾಲು ಕಡಿಮೆಯಾಗುತ್ತದೆ, ಮತ್ತೆ ಬೆದೆಗೆ ಬರುವುದು ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಎರಡು ವರ್ಷದ ಕಡಸು ಹಾಲುಹಲ್ಲು ಉದುರಿಸಿಕೊಂಡು ಹೊಸ ಹಲ್ಲು ಬರಿಸಿಕೊಳ್ಳುವ ವಯಸ್ಸಿನದು ಎಂಬುದನ್ನೂ ಜನ ಮರೆಯುತ್ತಾರೆ. ಒರಟು ಮೇವನ್ನು ಅದು ದೊಡ್ಡ ದನದಂತೆ ಕಡಿದು ತಿನ್ನಲಾರದು. ತಾನೂ ಬೆಳೆಯಬೇಕು, ಹೊಟ್ಟೆಯಲ್ಲಿರುವುದನ್ನೂ ಬೆಳೆಸಬೇಕು. ಆದ್ದರಿಂದ ಮೇವು ಇಳಿಸುವ ಸಲಹೆಯನ್ನು ತಳ್ಳಿಹಾಕಿ, ಕರು ಹಾಕುವ ಹೊತ್ತಿಗೆ ಪೂರ್ಣ ತೂಕದ ಶೇ. 80ರಿಂದ 85, ಮೈಮೇಲಿನ ಕೊಬ್ಬನ್ನು ಅಂದಾಜಿಸುವ ಮೈದುಂಬಿನ ಅಂಕ ಒಂಬತ್ತರಲ್ಲಿ ಐದೂವರೆಯ ಆಸುಪಾಸು ಎಂಬ ಗುರಿ ಇಟ್ಟೆವು. ಆರಕ್ಕಿಂತ ಹೆಚ್ಚಾದರೆ ಕೊಬ್ಬು ಸೊಂಟದ ದಾರಿಯಲ್ಲೇ ಕುಳಿತು ಜಾಗ ಕಿರಿದಾಗುತ್ತದೆ.

ಉಳಿದವು ಸಣ್ಣ ಬದಲಾವಣೆಗಳು. ಕಡಸುಗಳಿಗೆ ದೊಡ್ಡ ದನಗಳಿಗಿಂತ ಮೂರು ವಾರ ಮೊದಲು ಹೋರಿ ಬಿಡುವುದು. ಹೆರಿಗೆಯ ಹಂಗಾಮಿನಲ್ಲಿ ಮೇವನ್ನು ಸಂಜೆಗೆ ಹಾಕುವುದು, ಹಾಗೆ ಮಾಡಿದರೆ ಹೆಚ್ಚಿನ ಕರುಗಳು ಹಗಲಿನಲ್ಲೇ ಹುಟ್ಟುತ್ತವೆ. ನೀರಿನ ಚೀಲ ಕಂಡು ಒಂದು ಗಂಟೆಯೊಳಗೆ ಮುಂದುವರಿಕೆ ಕಾಣದಿದ್ದರೆ ಕೈ ಹಾಕಿ ನೋಡುವುದು, ಇಬ್ಬರ ಕೈಬಲಕ್ಕೆ ಕರುವಿನ ತಲೆ ಮತ್ತು ಭುಜ ಸೊಂಟದೊಳಕ್ಕೆ ಬರದಿದ್ದರೆ ಯಂತ್ರ ಹಾಕಿ ಎಳೆಯದೆ ಸಿಸೇರಿಯನ್‌ಗೆ ಕರೆಯುವುದು.

ಎರಡನೆಯ ವರ್ಷ

ಎರಡನೆಯ ತಂಡದಲ್ಲಿ ಆಂಗಸ್-ಹೆರ್‌ಫರ್ಡ್ 22, ಶಾರೊಲೆ ಮಿಶ್ರ 16, ಬ್ರಾಹ್ಮನ್ ಮಿಶ್ರ 13 ಇದ್ದವು. ಶಾರೊಲೆ ಗುಂಪು ಹೋರಿ ಬಿಡುವ ದಿನ ಸರಾಸರಿ 402 ಕಿ.ಗ್ರಾಂ ತೂಗಿತು, ಪೂರ್ಣ ತೂಕದ ಶೇ. 59. ಅದರಲ್ಲಿ 12 ಗಬ್ಬ ಕಟ್ಟಿದವು, ಹೆಚ್ಚಿನವು ಮೊದಲ ಎರಡು ಬೆದೆಗಳಲ್ಲೇ. ಆಂಗಸ್-ಹೆರ್‌ಫರ್ಡ್ ಗುಂಪಿನಲ್ಲಿ 20. ಬ್ರಾಹ್ಮನ್ ಗುಂಪಿನಲ್ಲಿ ಅಂಕದ ಆಧಾರದ ಮೇಲೆ ಬಿಟ್ಟದ್ದು ಐದು, ಅವುಗಳಲ್ಲಿ ನಾಲ್ಕು ಗಬ್ಬವಾದವು. ತಡೆದಿಟ್ಟ ಎಂಟರಲ್ಲಿ ಏಳು ಮರುವರ್ಷ ಗಬ್ಬ ಕಟ್ಟಿದವು.

ಆ ಹಂಗಾಮಿನಲ್ಲಿ ಕರು ಹಾಕಿದ 36ರಲ್ಲಿ ನೆರವು ಬೇಕಾದದ್ದು ನಾಲ್ಕಕ್ಕೆ, ಸತ್ತ ಕರು ಒಂದು. ನಾಲ್ಕರಲ್ಲಿ ಎರಡು ಶಾರೊಲೆ ಗುಂಪಿನವು: ಒಂದರಲ್ಲಿ ಕರುವಿನ ತಲೆ ಹಿಂದಕ್ಕೆ ತಿರುಗಿತ್ತು, ಇನ್ನೊಂದರಲ್ಲಿ ಹಿಂಗಾಲು ಮುಂದಾಗಿ ಬಂದಿತ್ತು. ಇವು ತೂಕಕ್ಕೂ ತಳಿಗೂ ಸಂಬಂಧವಿಲ್ಲದ, ಯಾವ ದನಕ್ಕೂ ಬರಬಹುದಾದ ತೊಡಕುಗಳು.

ಉಳಿದೆರಡು ಹೆಚ್ಚು ಪಾಠ ಹೇಳುತ್ತವೆ. ತಳಿವಾರು ವಿಂಗಡಿಸುವಾಗ ಯಾರೋ ಮೈಗಾತ್ರ ನೋಡಿ ಎರಡು ದೊಡ್ಡ ಆಂಗಸ್-ಹೆರ್‌ಫರ್ಡ್ ಕಡಸುಗಳನ್ನು ಶಾರೊಲೆ ಬೇಲಿಯೊಳಗೆ ಅಟ್ಟಿದ್ದರು. ಅವು ಅಲ್ಲಿನ ದಂಡಿಯಾದ ಹಿಂಡಿ ತಿಂದು ಬಹು ಬೇಗ ಗಬ್ಬ ಕಟ್ಟಿದವು, ಹೆರಿಗೆಯ ಹೊತ್ತಿಗೆ ಮೈದುಂಬಿನ ಅಂಕ ಏಳು ದಾಟಿ ಬಾಲದ ಬುಡದಲ್ಲಿ ಕೊಬ್ಬಿನ ಗಡ್ಡೆ ಕಾಣುವಂತಾಗಿದ್ದವು. ಕರುಗಳು ದೊಡ್ಡವೇನಲ್ಲ, 32 ಮತ್ತು 30 ಕಿ.ಗ್ರಾಂ. ಆದರೂ ಎರಡನ್ನೂ ಎಳೆಯಬೇಕಾಯಿತು, ಸತ್ತ ಕರು ಇವುಗಳಲ್ಲೊಂದರದು. ಬೇರೆ ಎಲ್ಲವೂ ಸರಿಯಿದ್ದು ಕೊಬ್ಬು ಒಂದೇ ಹೆಚ್ಚಾದ ಈ ಎರಡು ಪ್ರಾಣಿಗಳು, ‘ಭಾರ ಹೆಚ್ಚಾದಷ್ಟೂ ಹೆರಿಗೆ ಸುಲಭ’ ಎಂದು ಮೊದಲ ವರ್ಷದ ಅನುಭವದಿಂದ ಮೇಲ್ವಿಚಾರಕರು ಕಟ್ಟಿಕೊಳ್ಳತೊಡಗಿದ್ದ ಹೊಸ ನಂಬಿಕೆಯನ್ನು ಸಕಾಲದಲ್ಲಿ ಕೆಡವಿದವು.

ಎರಡನೆಯ ಗಬ್ಬ

ಚೊಚ್ಚಲ ಹೆರಿಗೆಯ ನಿಜವಾದ ಲೆಕ್ಕ ಮುಗಿಯುವುದು ಕರು ಹೊರಬಿದ್ದಾಗಲ್ಲ, ತಾಯಿ ಮತ್ತೆ ಗಬ್ಬ ಕಟ್ಟಿದಾಗ. ವರ್ಷಕ್ಕೊಂದು ಕರು ಬೇಕಾದರೆ ಹೆರಿಗೆಯಾದ 82 ದಿನಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ದೊಡ್ಡ ದನ 50ರಿಂದ 60 ದಿನಕ್ಕೆ ಬೆದೆಗೆ ಬಂದುಬಿಡುತ್ತದೆ. ಚೊಚ್ಚಲ ಕರು ಹಾಕಿದ್ದಕ್ಕೆ 80ರಿಂದ 100 ದಿನ ಹಿಡಿಯುವುದು ಸಾಮಾನ್ಯ. ಕಡಸುಗಳಿಗೆ ಮೂರು ವಾರ ಮೊದಲು ಹೋರಿ ಬಿಡುವುದರ ಹಿಂದಿನ ಕಾರಣ ಇದೇ.

ಮೊದಲ ವರ್ಷದ ತಂಡವನ್ನು ಈ ದೃಷ್ಟಿಯಿಂದ ನೋಡಿದರೆ ನಷ್ಟದ ಇನ್ನೊಂದು ಪದರ ಕಾಣುತ್ತದೆ. ಆಂಗಸ್ ಹೋರಿಯ ಕರು ಹಾಕಿದ ಹನ್ನೊಂದರಲ್ಲಿ ಹತ್ತು ಮತ್ತೆ ಗಬ್ಬ ಕಟ್ಟಿದವು. ಅದೇ ತಳಿಯ, ಶಾರೊಲೆ ಹೋರಿಯ ಕರು ಹಾಕಿದ ಹನ್ನೊಂದರಲ್ಲಿ ಎಂಟು. ಖಾಲಿ ಉಳಿದ ಮೂರೂ ಎಳೆಸಿಕೊಂಡವೇ. ಶಾರೊಲೆ ಗುಂಪಿನಲ್ಲಿ ಸಿಸೇರಿಯನ್ ಆದದ್ದನ್ನು ಬಿಟ್ಟು ಮತ್ತೆ ಹೋರಿಗೆ ಹಾಕಿದ ಒಂಬತ್ತರಲ್ಲಿ ನಾಲ್ಕು ಮಾತ್ರ ನಿಂತವು. ಅವು ಮೊದಲೇ ತಡವಾಗಿ ಗಬ್ಬ ಕಟ್ಟಿ, ತಡವಾಗಿ ಕರು ಹಾಕಿ, ಕಷ್ಟದ ಹೆರಿಗೆಯಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಹೋರಿಯ ಹಂಗಾಮೇ ಮುಗಿದಿತ್ತು. 15ನೇ ತಿಂಗಳಲ್ಲಿ ಕಡಿಮೆಯಾಗಿದ್ದ ಎಪ್ಪತ್ತು ಕಿ.ಗ್ರಾಂ ಹೀಗೆ ಎರಡು ವರ್ಷಗಳ ಕರುಗಳನ್ನು ನುಂಗಿತು. ಮಂದೆಯ ಮೊದಲ ವರದಿಯಲ್ಲಿ ಈ ಖಾಲಿ ಕಡಸುಗಳು ‘ತಳಿದೋಷ’ ಎಂಬ ತಲೆಬರಹದ ಕೆಳಗಿದ್ದವು. ಮಾಲೀಕರು ತಾವಾಗಿಯೇ ಅದನ್ನು ಹೊಡೆದುಹಾಕಿದರು. ಶಾರೊಲೆ ರಕ್ತ ಮಂದೆಯಲ್ಲಿ ಉಳಿಯಿತು.

ಎರಡನೆಯ ತಂಡದ ಶಾರೊಲೆ ಗುಂಪಿನಲ್ಲಿ ಕರು ಹಾಕಿದ ಹನ್ನೆರಡರಲ್ಲಿ ಒಂಬತ್ತು ಮತ್ತೆ ಗಬ್ಬವಾಗಿವೆ. ಅವುಗಳ ಮೇವಿಗೆ ತಗುಲಿದ ಹೆಚ್ಚಿನ ಖರ್ಚನ್ನು ಬದುಕುಳಿದ ಕರುಗಳು ಮತ್ತು ಮಂದೆಯಲ್ಲಿ ಉಳಿದುಕೊಂಡ ತಾಯಂದಿರು ತೀರಿಸುತ್ತವೆ ಎಂಬುದು ನನ್ನ ಲೆಕ್ಕ. ಅದನ್ನು ಮಾಲೀಕರೂ ಒಪ್ಪಿದ್ದಾರೆ. ಬ್ರಾಹ್ಮನ್ ಗುಂಪಿನ ಮಟ್ಟಿಗೆ ನಮ್ಮಿಬ್ಬರ ಅಭಿಪ್ರಾಯ ಇನ್ನೂ ಕೂಡಿಲ್ಲ. ಬೇಗ ಬೆದೆಗೆ ಬಂದ ಐದರ ಹೆಣ್ಣುಗರುಗಳನ್ನು ಮಾತ್ರ ತಳಿಗೆ ಇಟ್ಟುಕೊಂಡು, ತಡವಾಗಿ ಬಂದವುಗಳ ಕರುಗಳನ್ನೆಲ್ಲ ಮಾಂಸಕ್ಕೆ ಕಳಿಸಬೇಕೆಂದು ಅವರು ಬಯಸುತ್ತಾರೆ. ಬೆದೆಯ ವಯಸ್ಸು ತಕ್ಕಮಟ್ಟಿಗೆ ವಂಶದಿಂದ ಬರುವ ಗುಣವಾದ್ದರಿಂದ ಆ ಆಯ್ಕೆ ಫಲ ಕೊಡಬಹುದು. ಆ ಐದರಲ್ಲಿ ಬ್ರಾಹ್ಮನ್ ರಕ್ತದ ಪಾಲು ಉಳಿದವುಗಳಿಗಿಂತ ಕಡಿಮೆ ಇದೆಯೇ ಎಂಬುದನ್ನು ಮೊದಲು ವಂಶದ ಪುಸ್ತಕದಲ್ಲಿ ನೋಡಬೇಕೆಂದು ನಾನು ಕೇಳಿದ್ದೇನೆ. ಕಡಿಮೆಯಿದ್ದರೆ ನಾವು ಆರಿಸುತ್ತಿರುವುದು ಬೇಗ ಬಲಿಯುವ ಬ್ರಾಹ್ಮನ್ ಕಡಸುಗಳನ್ನಲ್ಲ, ಬ್ರಾಹ್ಮನ್ ಅಲ್ಲದ ಕಡಸುಗಳನ್ನು, ಮತ್ತು ಆ ರಕ್ತವನ್ನು ತಂದದ್ದೇ ಬಿಸಿಲು ಮತ್ತು ಉಣ್ಣೆಹುಳುಗಳನ್ನು ತಡೆದುಕೊಳ್ಳಲೆಂದು. ಮುಂದಿನ ಹಂಗಾಮಿಗೆ ಹೋರಿ ಬಿಡುವ ಮೊದಲು ಆ ಪುಸ್ತಕ ತೆರೆಯುವುದೆಂದು ಒಪ್ಪಂದವಾಗಿದೆ.